ಆಯಸ್ಕಾಂತ, ಪೀಜೋ ಡಿಸ್ಕ್‌ನಿಂದ ಮನೆಗೆ ಕರೆಂಟ್ ಬರುತ್ತದಾ?

ಪ್ರಶ್ನೆ: ಮೇಡಂ, ಚಕ್ರದ ಸುತ್ತ ಆಯಸ್ಕಾಂತ ಅಂಟಿಸಿ ಒಮ್ಮೆ ತಳ್ಳಿದರೆ ಅದು ನಿಲ್ಲದೆ ತಿರುಗಿ ಬಲ್ಬ್ ಉರಿಸುವ ವಿಡಿಯೋ ನೋಡಿದೆ. ಇನ್ನೊಂದರಲ್ಲಿ ನೆಲದಡಿ ಪೀಜೋ ಡಿಸ್ಕ್ (ಒತ್ತಿದರೆ ವಿದ್ಯುತ್ ಹುಟ್ಟಿಸುವ ತೆಳು ಬಿಲ್ಲೆ) ಹಾಕಿ, ಅದರ ಮೇಲೆ ನಡೆದರೆ ಕರೆಂಟ್ ಬರುತ್ತದೆ ಅಂತಾರೆ. ಯಾವುದಾದರೂ ಮನೆಗೆ ಆಗುತ್ತದಾ?

ಉತ್ತರ (ಎಲೆಕ್ಟ್ರಿಕಲ್ ಎಂಜಿನಿಯರ್): ಮೊದಲನೆಯದು ಸಾಧ್ಯವೇ ಇಲ್ಲ. ಎರಡನೆಯದು ನಿಜ, ಆದರೆ ಸಿಗುವುದು ತೀರಾ ಕಡಿಮೆ.

ಆಯಸ್ಕಾಂತದ ಪಕ್ಕ ತಂತಿಯ ಸುರುಳಿ ಸುಮ್ನೆ ಇಟ್ಟರೆ ಏನೂ ಹುಟ್ಟುವುದಿಲ್ಲ. ಎರಡರಲ್ಲಿ ಒಂದು ಅಲುಗಾಡಬೇಕು. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ಅಲುಗಾಡಿಸುವ ಕೆಲಸ ಅಣೆಕಟ್ಟಿನಲ್ಲಿ ನೀರಿನದು, ಗಾಳಿಯಂತ್ರದಲ್ಲಿ ಗಾಳಿಯದು. ಒಂದು ಸಣ್ಣ ಡೈನಮೋ ಕೈಯಲ್ಲಿ ತಿರುಗಿಸಿ ನೋಡಿ. ಬಲ್ಬ್ ಇಲ್ಲದಾಗ ಹಗುರವಾಗಿ ತಿರುಗುತ್ತದೆ, ಬಲ್ಬ್ ಜೋಡಿಸಿದ ಕೂಡಲೇ ಬಿಗಿಯಾಗುತ್ತದೆ. ಸುರುಳಿಯಲ್ಲಿ ಹರಿಯುವ ಕರೆಂಟೇ ನಿಮ್ಮ ಕೈಗೆ ಎದುರಾಗಿ ತಳ್ಳುತ್ತಿರುತ್ತದೆ. ಲೆನ್ಜ್ ನಿಯಮ ಅನ್ನುವುದು ಇದಕ್ಕೇ. ಆ ಬಿಗಿಯನ್ನು ಮೀರಿ ತಿರುಗಿಸಿದ ಶ್ರಮವೇ ಬಲ್ಬಿನ ಬೆಳಕು.

ಆಯಸ್ಕಾಂತವೇ ಚಕ್ರ ತಿರುಗಿಸಲಿ ಅಂದರೆ, ಹತ್ತಿರ ಬರುವಾಗ ಎಳೆದುಕೊಂಡದ್ದು ದಾಟುವಾಗ ಅಷ್ಟೇ ಹಿಂದಕ್ಕೆ ಜಗ್ಗುತ್ತದೆ. ಒಂದು ಸುತ್ತು ಮುಗಿದಾಗ ಲಾಭ ಸೊನ್ನೆ. ಮೇಲೆ ಬೇರಿಂಗಿನ ಘರ್ಷಣೆ ಬೇರೆ. ನಿಲ್ಲದೆ ತಿರುಗಿ ಬಲ್ಬ್ ಉರಿಸುತ್ತಿದೆ ಅಂದರೆ ಎಲ್ಲೋ ಬ್ಯಾಟರಿಯೋ ವೈರೋ ಅಡಗಿದೆ. ದಯವಿಟ್ಟು ಇಂಥ ಕಿಟ್‌ಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಆದರೆ ಪೀಜೋದಲ್ಲಿ ಸಾವಿರಾರು ವೋಲ್ಟ್ ಬರುತ್ತದಂತಲ್ಲ?

ಉತ್ತರ: ಬರುತ್ತದೆ. ಗ್ಯಾಸ್ ಲೈಟರ್ ಒತ್ತಿದಾಗ ಟಕ್ ಅನ್ನುತ್ತದಲ್ವಾ? ಒಳಗಿನ ಸ್ಪ್ರಿಂಗ್ ಸುತ್ತಿಗೆ ಪೀಜೋ ತುಂಡಿಗೆ ಬಡಿದು ಸಾವಿರಾರು ವೋಲ್ಟ್ ಎಬ್ಬಿಸುತ್ತದೆ, ಕಿಡಿ ಹಾರುತ್ತದೆ. ಒತ್ತಡ ಬಿದ್ದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು 1880ರಲ್ಲೇ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. ಆದರೆ ವೋಲ್ಟ್ ಜಾಸ್ತಿ ಇದ್ದರೆ ಸಾಲದು. ಆ ಕಿಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಅದರಲ್ಲಿ ಒಂದು ಜೂಲ್ ಶಕ್ತಿಯೂ ಇರುವುದಿಲ್ಲ.

ನೆಲದ ಲೆಕ್ಕ ಹಾಕೋಣ. 70 ಕೆಜಿ ತೂಕದವರು ಕಾಲಿಟ್ಟಾಗ ನೆಲ 5 ಮಿಲಿಮೀಟರ್ ತಗ್ಗಿತು ಅಂದುಕೊಳ್ಳಿ. ಹೆಚ್ಚೆಂದರೆ 3.4 ಜೂಲ್ ಸಿಗುತ್ತದೆ. ಫೋನಿನ 15 ವ್ಯಾಟ್-ಅವರ್ ಬ್ಯಾಟರಿ ತುಂಬಲು 54,000 ಜೂಲ್ ಬೇಕು. ಚೂರೂ ಪೋಲಾಗದಿದ್ದರೂ ಸುಮಾರು 16,000 ಹೆಜ್ಜೆ! ನಿಜವಾದ ಪೀಜೋ ಡಿಸ್ಕ್ 5 ಮಿಲಿಮೀಟರ್ ಎಲ್ಲಿ ಬಗ್ಗುತ್ತದೆ? ಅದಕ್ಕೂ ಮೊದಲೇ ಸೀಳುತ್ತದೆ. ಮತ್ತೆ ಅದೂ ಪುಕ್ಕಟೆ ಅಲ್ಲ. ತಗ್ಗುವ ನೆಲದಲ್ಲಿ ನಡೆಯುವುದು ಮರಳಲ್ಲಿ ನಡೆದಂತೆ, ಆ ಶಕ್ತಿ ಹೋಗುವುದು ನಡೆಯುವವರ ಕಾಲಿನಿಂದಲೇ.

ಪ್ರಶ್ನೆ: ಹಾಗಾದರೆ ನನ್ನ ಹತ್ತಿರ ಇರುವ ಡಿಸ್ಕ್‌ಗಳನ್ನು ಏನು ಮಾಡಲಿ?

ಉತ್ತರ: ಎಸೆಯಬೇಡಿ, ಬಹಳ ಒಳ್ಳೆಯ ವಸ್ತು ಅದು. ಯಂತ್ರದ ಕಂಪನ ಅಳೆಯಲು, ಗಿಟಾರಿನ ನಾದ ಹಿಡಿಯಲು, ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಲು ಪೀಜೋ ಬಳಸುತ್ತಾರೆ. ನೀವು ಡಿಸ್ಕಿಗೆ ನಾಲ್ಕು ಡಯೋಡ್‌ಗಳ ಬ್ರಿಡ್ಜ್ (ಕರೆಂಟ್ ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವ ಜೋಡಣೆ) ಕಟ್ಟಿ, 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಡುವ ಬಿಡಿಭಾಗ) ಜೋಡಿಸಿ. ಡಿಸ್ಕನ್ನು ಬೆರಳಲ್ಲಿ ತಟ್ಟುತ್ತಾ ಹೋಗಿ, ಮೀಟರಿನಲ್ಲಿ ವೋಲ್ಟ್ ನಿಧಾನಕ್ಕೆ ಏರುವುದು ಕಾಣುತ್ತದೆ. 3 ವೋಲ್ಟ್ ದಾಟಿದ ಮೇಲೆ ಕೆಂಪು ಎಲ್‌ಇಡಿ ಮುಟ್ಟಿಸಿ, ಒಮ್ಮೆ ಮಿನುಗುತ್ತದೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ ಇರಲಿ.