ಪದಚರ್ಚೆ: 'ನೀರೊಳಗಿನ ಸುರಂಗ' ಅನ್ನಬೇಕೋ 'ಕಡಲಡಿ ಸುರಂಗ' ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಒಂದು ಹೈಸ್ಕೂಲಿನ ಗೋಡೆಪತ್ರಿಕೆಗೆ ಜಗತ್ತಿನ ಉದ್ದುದ್ದ ಸುರಂಗಗಳ ಬಗ್ಗೆ ಒಂದು ಪುಟ ಬರೆದುಕೊಡಬೇಕಾಗಿದೆ. ಮಾಹಿತಿಗೆ ಬರವಿಲ್ಲ, ತೊಡಕೆಲ್ಲ ಪದಗಳದ್ದೇ. ಕೆಲವು ಮಾತಿಗೆ ಕನ್ನಡದಲ್ಲಿ ಏನು ಹೇಳೋದು ಅಂತ ನಿಮ್ಮನ್ನೆಲ್ಲ ಕೇಳಬೇಕು. ನನಗೆ ತೋಚಿದ್ದನ್ನೂ ಜೊತೆಗೇ ಬರೆದಿದ್ದೇನೆ. ಒಪ್ಪಿಗೆಯಾಗದಿದ್ದರೆ ಧಾರಾಳವಾಗಿ ಜಗಳಕ್ಕೆ ಬನ್ನಿ.

ಜಾಸ್ತಿ ಕಾಡುತ್ತಿರುವುದು 'ನೀರೊಳಗಿನ ಸುರಂಗ' ಅನ್ನೋ ಮಾತು. 2024ರ ಮಾರ್ಚ್‌ನಲ್ಲಿ ಕೋಲ್ಕತ್ತದ ಮೆಟ್ರೊ ಹೂಗ್ಲಿ ನದಿ ದಾಟಲು ಶುರು ಮಾಡಿದಾಗ ಎಲ್ಲಿ ನೋಡಿದರೂ ಇದೇ ಮಾತು. ನೀರೊಳಗೆ ಅಂದ ಕೂಡಲೇ ಮಕ್ಕಳು ಕಿಟಕಿಯಾಚೆ ಮೀನು ಹುಡುಕುತ್ತಾರೆ. ಅಲ್ಲಿ ಮೀನೂ ಇಲ್ಲ, ನೀರೂ ಇಲ್ಲ. ರೈಲು ಹೋಗುವುದು ನದಿಯ ತಳಕ್ಕಿಂತ ಕೆಳಗಿನ ಮಣ್ಣಿನಲ್ಲಿ. ನದಿಯ ಕೆಳಗೆ ಹಾಯುವ ಸುಮಾರು 520 ಮೀಟರ್ ಉದ್ದಕ್ಕೂ ನೀಲಿ ದೀಪ ಹಾಕಿದ್ದಾರೆ. ಅದಿಲ್ಲದಿದ್ದರೆ ತಲೆಯ ಮೇಲೆ ನದಿ ಹರಿಯುತ್ತಿದೆ ಅಂತ ಒಳಗೆ ಕೂತವರಿಗೆ ತಿಳಿಯುವುದೇ ಇಲ್ಲ.

ಜಪಾನಿನ ಸೇಕಾನ್ ಸುರಂಗದ ಕಥೆಯೂ ಇದೇ, ಅಳತೆ ಮಾತ್ರ ಬೇರೆ. ಹೊನ್ಶು ಮತ್ತು ಹೊಕ್ಕೈಡೊ ದ್ವೀಪಗಳ ನಡುವೆ ಮೊದಲು ಹಡಗಿನಲ್ಲೇ ಓಡಾಟ. 1954ರಲ್ಲಿ ತೋಯಾ ಮಾರು ಅನ್ನೋ ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಸುರಂಗ ಬೇಕೇ ಬೇಕು ಅನ್ನೋ ಮಾತಿಗೆ ಬಲ ಬಂದಿದ್ದು ಆಮೇಲೆ. ರೈಲು ಓಡಿದ್ದು 1988ರಲ್ಲಿ. ಸುರಂಗದ ತೀರಾ ಆಳದ ಜಾಗ ಕಡಲ ಮಟ್ಟದಿಂದ 240 ಮೀಟರ್ ಕೆಳಗಿದೆ, ಕಡಲ ತಳದಿಂದ ಲೆಕ್ಕ ಹಾಕಿದರೂ 100 ಮೀಟರ್ ಕೆಳಗಿದೆ. ರೈಲಿಗೂ ನೀರಿಗೂ ನಡುವೆ 100 ಮೀಟರ್ ದಪ್ಪದ ಬಂಡೆ! ಇದನ್ನು 'ನೀರೊಳಗೆ' ಅಂದರೆ ಬಂಡೆಗೆ ಅವಮಾನ ಅಲ್ವಾ?

ಅದಕ್ಕೇ ನನ್ನ ಓಟು 'ಅಡಿ'ಗೆ. ಕಡಲಡಿ ಸುರಂಗ, ನದಿಯಡಿ ಸುರಂಗ. ನೋಡೋಕೆ ಸಣ್ಣ ಮಾತು, ಆದರೆ ಮೇಲೆ ಏನಿದೆ, ಕೆಳಗೆ ಏನಿದೆ ಅನ್ನೋದು ಅದರಲ್ಲೇ ಬಂತು. 'ಜಲಾಂತರ್ಗತ ಸುರಂಗ' ಅಂತಲೂ ಕೆಲವರು ಬರೆಯುತ್ತಾರೆ. ಹೇಳಿದರೆ ಬಾಯಿ ತುಂಬುತ್ತದೆ, ಆದರೆ ಅರ್ಥ ಮತ್ತೆ ಅದೇ 'ಒಳಗೆ'.

ಹಾಗಾದರೆ 'ನೀರೊಳಗಿನ ಸುರಂಗ' ಅನ್ನೋದನ್ನ ಎಸೆದೇ ಬಿಡೋದಾ? ಬೇಡ ಅನ್ನಿಸುತ್ತೆ. ನಾರ್ವೆಯವರು ಬಹಳ ಕಾಲದಿಂದ ಇನ್ನೊಂದು ತರಹದ್ದನ್ನು ಯೋಚಿಸುತ್ತಿದ್ದಾರೆ. ಅವರ ಕಡೆ ಕಡಲು ಬೆಟ್ಟಗಳ ನಡುವೆ ಒಳನುಗ್ಗಿರುವ ಜಾಗಗಳಲ್ಲಿ ನೀರು ಎಷ್ಟು ಆಳ ಅಂದರೆ, ತಳಕ್ಕಿಂತ ಕೆಳಗೆ ಕೊರೆಯೋಕೆ ಹೋದರೆ ದಾರಿ ತೀರಾ ಇಳಿಜಾರಾಗುತ್ತದೆ. ಅದಕ್ಕೆ ದೊಡ್ಡ ಕೊಳವೆಯನ್ನೇ ನೀರಿನ ನಡುವೆ ತೂಗುಬಿಟ್ಟು ಅದರೊಳಗೆ ವಾಹನ ಓಡಿಸುವ ಯೋಚನೆ. ಇನ್ನೂ ಎಲ್ಲೂ ಕಟ್ಟಿಲ್ಲ. ಕಟ್ಟಿದ ದಿನ 'ನೀರೊಳಗಿನ ಸುರಂಗ' ಅಂತ ಕರೆಯೋಕೆ ಅದೇ ಸರಿಯಾದದ್ದು. ಅಲ್ಲಿಯವರೆಗೆ ಈ ಪದ ಕಾದಿರಲಿ.

ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಅದಕ್ಕೆ ನನ್ನ ಹತ್ತಿರ ಪದ ಇಲ್ಲ. ಬಂಡೆ ಕೊರೆಯುವ ಬದಲು ಕಡಲ ತಳದಲ್ಲಿ ಉದ್ದಕ್ಕೆ ಚರಂಡಿ ತೋಡುತ್ತಾರೆ. ದಡದಲ್ಲಿ ಕಾಂಕ್ರೀಟಿನ ಭಾರೀ ತುಂಡುಗಳನ್ನು ಎರಕ ಹೊಯ್ದು, ಎರಡೂ ಬಾಯಿ ಮುಚ್ಚಿ, ತೇಲಿಸಿಕೊಂಡು ಎಳೆದೊಯ್ಯುತ್ತಾರೆ. ಜಾಗಕ್ಕೆ ಬಂದ ಮೇಲೆ ಮೆಲ್ಲಗೆ ಇಳಿಸಿ, ಒಂದಕ್ಕೊಂದು ಬೆಸೆದು, ಮೇಲೆ ಜಲ್ಲಿಕಲ್ಲು ಸುರಿಯುತ್ತಾರೆ. ಇಸ್ತಾಂಬುಲ್‌ನಲ್ಲಿ 2013ರಲ್ಲಿ ಶುರುವಾದ ಮರ್ಮರೇ ರೈಲು ಬಾಸ್ಫರಸ್ ದಾಟುವುದು ಹೀಗೆ. ಡೆನ್ಮಾರ್ಕ್ ಮತ್ತು ಜರ್ಮನಿ ನಡುವೆ ಈಗ ಕಟ್ಟುತ್ತಿರುವ ಫೇಮರ್ನ್ ಬೆಲ್ಟ್ ಸುರಂಗವೂ ಇದೇ ಜಾತಿ. ಉದ್ದ ಸುಮಾರು 18 ಕಿ.ಮೀ. ಅದರ ಒಂದೊಂದು ದೊಡ್ಡ ತುಂಡೂ 217 ಮೀಟರ್ ಉದ್ದ. ಅಷ್ಟು ಉದ್ದದ ಕಾಂಕ್ರೀಟು ದೋಣಿಯ ಹಾಗೆ ತೇಲುತ್ತದೆ ಅನ್ನೋದನ್ನ ನಂಬೋಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಇದಕ್ಕೆ 'ಮುಳುಗಿಸಿದ ಸುರಂಗ' ಅಂತ ಒಬ್ಬರು ಹೇಳಿದರು. ಮಂಡ್ಯ, ಮೈಸೂರಿನಲ್ಲಿ ಇದು ನಡೆಯಲ್ಲ. ನಮಗೆ ಮುಳುಗಡೆ ಅಂದರೆ ಕನ್ನಂಬಾಡಿ. ಕಟ್ಟೆ ಕಟ್ಟಿದಾಗ ಹಳೇ ಊರು, ಗುಡಿ ಎಲ್ಲ ನೀರಿನ ಪಾಲಾಗಿದ್ದು. ಮುಳುಗಿಸಿದ ಸುರಂಗ ಅಂದರೆ ಒಳಗೆಲ್ಲ ನೀರು ತುಂಬಿಕೊಂಡಿದೆ ಅಂತಲೇ ಇಲ್ಲಿ ಅರ್ಥ. ಅದರಲ್ಲಿ ಕಾರು ಓಡಿಸೋಕೆ ಯಾರು ಹೋಗುತ್ತಾರೆ? ಮಳೆ ಬಂದಾಗ ಅಂಡರ್‌ಪಾಸ್‌ಗಳಲ್ಲಿ ಸಿಕ್ಕಿಕೊಳ್ಳೋದೇ ಸಾಕಾಗಿದೆ. 'ಇಳಿಸು ಸುರಂಗ', 'ಹೂತ ಕೊಳವೆ' ಅಂತೆಲ್ಲ ಬರೆದು ನೋಡಿದೆ. ಎರಡನೆಯದರಲ್ಲಿ ನೀರು ಸರಬರಾಜಿನ ಪೈಪು ಕಾಣುತ್ತದೆ. ಸದ್ಯಕ್ಕೆ 'ಜೋಡಿಸಿ ಇಳಿಸಿದ ಸುರಂಗ' ಅಂತ ಉದ್ದಕ್ಕೆ ಹೇಳಿಬಿಡೋಣ ಅಂತಿದ್ದರೆ, ಜೋಡಿಸೋದು ಇಳಿಸಿದ ಮೇಲೆ, ಮೊದಲಲ್ಲ. ಯಾರಿಗಾದರೂ ಒಳ್ಳೆಯದು ಹೊಳೆದರೆ ಹೇಳಿ.

ಇನ್ನು 'ಅತಿ ಉದ್ದದ' ಅನ್ನೋದರ ಗೊಂದಲ. 'ಜಗತ್ತಿನ ಅತಿ ಉದ್ದದ ಕಡಲಡಿ ಸುರಂಗ ಯಾವುದು?' ಅಂತ ಕ್ವಿಜ್‌ನಲ್ಲಿ ಕೇಳಿದರೆ ಎರಡು ಉತ್ತರ ಬರುತ್ತವೆ, ಎರಡೂ ಸರಿ. ಸೇಕಾನ್ ಒಟ್ಟು 53.85 ಕಿ.ಮೀ. ಅದರಲ್ಲಿ ಕಡಲ ಕೆಳಗಿರುವುದು 23.3 ಕಿ.ಮೀ., ಉಳಿದದ್ದು ಎರಡೂ ದಡದ ನೆಲದಡಿ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ 1994ರಲ್ಲಿ ತೆರೆದ ಚಾನಲ್ ಟನಲ್ ಒಟ್ಟು 50.45 ಕಿ.ಮೀ., ಆದರೆ ಕಡಲಡಿಯ ಭಾಗವೇ 37.9 ಕಿ.ಮೀ. 'ಕಡಲಡಿ ಹಾಯುವ ಸುರಂಗಗಳಲ್ಲಿ ಅತಿ ಉದ್ದದ್ದು' ಅಂದರೆ ಸೇಕಾನ್. 'ಕಡಲಡಿಯಲ್ಲೇ ಅತಿ ಉದ್ದಕ್ಕೆ ಸಾಗುವ ಸುರಂಗ' ಅಂದರೆ ಚಾನಲ್ ಟನಲ್. ಪದವನ್ನು ಎಲ್ಲಿ ಇಟ್ಟೆವು ಅನ್ನೋದರ ಮೇಲೆ ದೇಶವೇ ಬದಲಾಗುತ್ತದೆ. ಅಂದ ಹಾಗೆ, ಈ ಎರಡೂ ರೈಲಿನವು. ಚಾನಲ್ ಟನಲ್‌ನಲ್ಲಿ ಕಾರು ಓಡಿಸಿಕೊಂಡು ಹೋಗುವ ಹಾಗಿಲ್ಲ, ಕಾರನ್ನೇ ರೈಲಿಗೆ ಹತ್ತಿಸಬೇಕು.

ರಸ್ತೆ ಬೇಕು ಅಂದರೆ ಮತ್ತೆ ನಾರ್ವೆಗೇ ಹೋಗಬೇಕು. 2019ರ ಕೊನೆಗೆ ತೆರೆದ ರಿಫಿಲ್ಕೆ ಸುರಂಗ 14.4 ಕಿ.ಮೀ., ಕಡಲ ಮಟ್ಟದಿಂದ 292 ಮೀಟರ್ ಕೆಳಗೆ ಹೋಗುತ್ತದೆ. ಈಗ ಕೊರೆಯುತ್ತಿರುವ ರೋಗ್‌ಫಾಸ್ಟ್ 26.7 ಕಿ.ಮೀ. ಇರುತ್ತದೆ. ಅದು ಮುಗಿದರೆ ಬೆಟ್ಟದೊಳಗಿನ 24.5 ಕಿ.ಮೀ. ಲೇರ್ಡಾಲ್ ಸುರಂಗವನ್ನೂ ಮೀರಿಸುತ್ತದೆ. ಈಗಿರುವ ರಸ್ತೆ ಸುರಂಗಗಳಲ್ಲಿ ಅತಿ ಉದ್ದದ್ದು ಅಂದರೆ 2000ದಲ್ಲಿ ತೆರೆದ ಈ ಲೇರ್ಡಾಲ್. ಓಡಿಸುವವರಿಗೆ ತೂಕಡಿಕೆ ಬರಬಾರದು ಅಂತ ಸುಮಾರು ಆರು ಕಿಲೋಮೀಟರಿಗೊಂದರಂತೆ ಮೂರು ಕಡೆ ಬಂಡೆಯನ್ನು ಅಗಲಕ್ಕೆ ಕಡಿದು, ನೀಲಿ ಬೆಳಕು ಬಿಟ್ಟಿದ್ದಾರೆ. ಆ ಅಗಲ ಜಾಗಕ್ಕೆ 'ಗುಹೆ' ಅಂತ ಬರೆದಿದ್ದೆ. 'ಪಡಸಾಲೆ' ಇನ್ನೂ ಚೆನ್ನಾಗಿದೆ ಅನ್ನಿಸುತ್ತಿದೆ.

ಸ್ವಿಟ್ಜರ್ಲೆಂಡಿನ ಗಾಟ್‌ಹಾರ್ಡ್‌ಗೆ ಬರೋಣ. ಅಲ್ಲಿ 1882ರಿಂದಲೇ 15 ಕಿ.ಮೀ. ಉದ್ದದ ರೈಲು ಸುರಂಗ ಇದೆ. ಆದರೆ ಅದರ ಬಾಯಿಗೆ ತಲುಪೋಕೆ ರೈಲು ಸುತ್ತಿ ಸುತ್ತಿ 1,100 ಮೀಟರಿಗಿಂತ ಎತ್ತರಕ್ಕೆ ಏರಬೇಕು. 2016ರಲ್ಲಿ ಶುರುವಾದ ಹೊಸದು 57.1 ಕಿ.ಮೀ., ರೈಲು ಸುರಂಗಗಳಲ್ಲಿ ಜಗತ್ತಿಗೇ ಉದ್ದ. ಅದು ಏರುವುದೇ ಇಲ್ಲ ಅನ್ನಬಹುದು. ಅದರ ತೀರಾ ಎತ್ತರದ ಜಾಗವೇ ಕಡಲ ಮಟ್ಟದಿಂದ 549 ಮೀಟರ್. ನಮ್ಮ ಮೈಸೂರು ಅದಕ್ಕಿಂತ ಎತ್ತರದಲ್ಲಿದೆ! ಬೆಟ್ಟ ಹತ್ತುವ ಗೋಜಿಗೇ ಹೋಗದೆ ಬುಡದಲ್ಲಿ ಈ ಕಡೆ ಹೊಕ್ಕು ಆ ಕಡೆ ಹೊರಡುವುದು. ಕೆಲವು ಕಡೆ ತಲೆಯ ಮೇಲೆ 2,300 ಮೀಟರ್ ಬಂಡೆ. ಕೊರೆಯುವಾಗ ಬಂಡೆಯ ಬಿಸಿಯೇ 46 ಡಿಗ್ರಿವರೆಗೆ ಇತ್ತು.

ಈ ಬಗೆಯ ಸುರಂಗಕ್ಕೆ 'ತಳ ಸುರಂಗ' ಅಂತ ಒಂದು ಕಡೆ ಓದಿದೆ. ತಳ ಅಂದರೆ ಪಾತ್ರೆಯ ತಳ, ಬಾವಿಯ ತಳ. ಬೆಟ್ಟಕ್ಕೆ ತಳ ಅನ್ನೋದಿಲ್ಲ. ಮೈಸೂರಿನಲ್ಲಿ ಚಾಮುಂಡಿಬೆಟ್ಟಕ್ಕೆ ಮೆಟ್ಟಿಲು ಹತ್ತುವವರು 'ಪಾದದಿಂದ ಹತ್ತಿದ್ವಿ' ಅನ್ನುತ್ತಾರೆ. ಆದರೆ 'ಪಾದಸುರಂಗ' ಅಂತ ಬರೆದರೆ ಪಾದಚಾರಿಗಳಿಗೆ ಮಾಡಿದ ಸುರಂಗ ಅಂದುಕೊಳ್ಳುತ್ತಾರೆ. 'ಬುಡಸುರಂಗ' ಹೇಗೆ? ಬೆಟ್ಟದ ಬುಡ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತೇ.

ಕೊನೆಗೆ 'ಸುರಂಗ'ದ ವಿಚಾರವೇ ಬಾಕಿ. ಗ್ರೀಕಿನ 'ಸಿರಿಂಕ್ಸ್' ಅನ್ನೋ ಪದ ಸಂಸ್ಕೃತಕ್ಕೆ ಬಂದು 'ಸುರುಂಗಾ' ಆಯಿತು ಅನ್ನೋದು ಹಲವು ವಿದ್ವಾಂಸರ ವಾದ. ಆ ಗ್ರೀಕ್ ಪದಕ್ಕೆ ಕೊಳಲು, ಕೊಳವೆ ಅನ್ನೋ ಅರ್ಥ. ಡಾಕ್ಟರ ಸಿರಿಂಜೂ ಅಲ್ಲಿಂದಲೇ ಹುಟ್ಟಿದ್ದು. ವಾದ ನಿಜವಾದರೆ ಸುರಂಗವೂ ಸೂಜಿಮದ್ದಿನ ಕೊಳವೆಯೂ ದಾಯಾದಿಗಳು.

ಊರಿನಿಂದ ಊರಿಗೆ ಇದರ ಅರ್ಥ ಬೇರೆ ಬೇರೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಸುರಂಗ ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ಕುಡಿಯೋಕೆ, ತೋಟಕ್ಕೆ ನೀರು ತರುವ ಕಂಡಿ. ಶ್ರೀರಂಗಪಟ್ಟಣದ ಸುತ್ತ ಸುರಂಗ ಅಂದರೆ ರಾಜರು ಗುಟ್ಟಾಗಿ ತಪ್ಪಿಸಿಕೊಂಡು ಹೋಗುತ್ತಿದ್ದ ದಾರಿ. ಹಳೇ ಗುಡಿ, ಹಳೇ ಕೋಟೆ ಯಾವುದೇ ಇರಲಿ, 'ಇಲ್ಲಿಂದ ಮೈಸೂರು ಅರಮನೆಗೆ ಸುರಂಗ ಇದೆಯಂತೆ' ಅನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ನೋಡಿದವರು ಮಾತ್ರ ಯಾರೂ ಸಿಗಲ್ಲ. ಮಂಡ್ಯದವರಿಗೆ ನಿಜವಾಗಿ ಕಂಡಿರುವ ಸುರಂಗ ಹುಲಿಕೆರೆಯದ್ದು. ಕನ್ನಂಬಾಡಿ ಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆ, ಮೊದಲು ಇರ್ವಿನ್ ನಾಲೆ ಅಂತಿದ್ದದ್ದು, ಅಲ್ಲಿ ಗುಡ್ಡದೊಳಗೆ ಸುಮಾರು 2.8 ಕಿ.ಮೀ. ಹರಿಯುತ್ತದೆ. ಅದನ್ನೂ ಜನ ಸುರಂಗ ಅನ್ನೋದು ಕಡಿಮೆ, 'ಹುಲಿಕೆರೆ ಟನಲ್' ಅಂತಲೇ ಅನ್ನುತ್ತಾರೆ. ನಾಲೆಗೂ ನಮ್ಮ ರೈತರು 'ಚಾನಲ್' ಅನ್ನುತ್ತಾರೆ. ಹೀಗಾಗಿ 'ಚಾನಲ್ ಟನಲ್' ಅಂತ ಗೋಡೆಪತ್ರಿಕೆಯಲ್ಲಿ ಬರೆದರೆ ಅರ್ಧ ಶಾಲೆ ಹುಲಿಕೆರೆ ಅಂದುಕೊಳ್ಳುತ್ತದೆ, ಇನ್ನರ್ಧ ಟಿವಿ ಅಂದುಕೊಳ್ಳುತ್ತದೆ.

ಹುಲಿಕೆರೆಯನ್ನು ಸುಮ್ನೆ ಊರಿನ ಅಭಿಮಾನಕ್ಕೆ ಎಳೆದು ತರುತ್ತಿಲ್ಲ. 'ಜಗತ್ತಿನ ಅತಿ ಉದ್ದದ ಸುರಂಗ' ಅಂತ ಬರೀ ಅಷ್ಟೇ ಬರೆದರೆ ಉತ್ತರ ರೈಲಿನದ್ದೂ ಅಲ್ಲ, ರಸ್ತೆಯದ್ದೂ ಅಲ್ಲ. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ತರುವ ಡೆಲವೇರ್ ಸುರಂಗದ ಉದ್ದ 137 ಕಿ.ಮೀ. ಗಾಟ್‌ಹಾರ್ಡಿನ ಎರಡರಷ್ಟಕ್ಕಿಂತಲೂ ಜಾಸ್ತಿ. ಅದರ ಪಕ್ಕದಲ್ಲಿ ಹುಲಿಕೆರೆ ಪುಟ್ಟದೇ, ಆದರೆ ಮಾಡುವ ಕೆಲಸ ಒಂದೇ. ಹಾಗಾಗಿ ರಸ್ತೆ ಸುರಂಗ, ರೈಲು ಸುರಂಗ, ನೀರು ಸುರಂಗ ಅಂತ ಮೂರನ್ನೂ ಬಿಡಿಸಿ ಬರೆಯೋದು ಅಂತ ಗಟ್ಟಿ ಮಾಡಿಕೊಂಡಿದ್ದೇನೆ. 'ನೀರು ಸುರಂಗ' ಮತ್ತು 'ನೀರೊಳಗಿನ ಸುರಂಗ' ಒಂದೇ ಪುಟದಲ್ಲಿ ಬಂದರೆ ಮಕ್ಕಳ ತಲೆ ಕೆಡುತ್ತದೆ. 'ಕಡಲಡಿ' ಬೇಕು ಅನ್ನೋಕೆ ಇದೂ ಒಂದು ಕಾರಣ.

ಉತ್ತರ ಕರ್ನಾಟಕದವರಿಗೆ ಒಂದು ಪ್ರಶ್ನೆ. ನಿಮ್ಮ ಕಡೆ 'ಬೊಗದೆ' ಅನ್ನೋ ಪದ ಇದೆ, ಮರಾಠಿಯಲ್ಲೂ 'ಬೋಗದಾ' ಇದೆ. ನಮ್ಮ ಕಡೆ ಇದು ಕಿವಿಗೆ ಬೀಳುವುದೇ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು 57 ಸುರಂಗ ದಾಟುತ್ತದೆ. ಪ್ರತಿ ಸಲ ಕತ್ತಲಾದಾಗ ಬೋಗಿಯ ಮಕ್ಕಳೆಲ್ಲ ಕೂಗುತ್ತವೆ, ಆದರೆ 'ಬೊಗದೆ ಬಂತು' ಅಂತ ಯಾರೂ ಅಂದಿದ್ದು ಕೇಳಿಲ್ಲ. ನೀವು ಇದನ್ನು ರೈಲಿನದ್ದಕ್ಕೆ ಮಾತ್ರ ಹೇಳುತ್ತೀರೋ, ರಸ್ತೆಯದ್ದಕ್ಕೂ ನೀರಿನದ್ದಕ್ಕೂ ಹೇಳುತ್ತೀರೋ? ರೈಲಿಗೆ ಮಾತ್ರ ಅನ್ನೋದಾದರೆ ಗಾಟ್‌ಹಾರ್ಡನ್ನು 'ಬುಡಬೊಗದೆ' ಅಂತ ಕರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ನಗು ಬರುತ್ತದೋ ಇಲ್ಲವೋ ಅನ್ನೋದನ್ನೂ ತಿಳಿಸಿ. ಪುಟ ಬರುವ ವಾರ ಗೋಡೆಗೆ ಏರಬೇಕು.