ಸಾಲು, ಪಾಳಿ, ನಂಬರ್: ‘ಕ್ಯೂ’ಗೆ ಯಾವುದು?

ಪ್ರಶ್ನೆ: ಕಲಬುರಗಿ ಕಡೆಯ ಪದವಿ ವಿದ್ಯಾರ್ಥಿಗಳಿಗೆ ಕ್ಯೂಯಿಂಗ್ ಥಿಯರಿಯ (ಸಾಲು, ಕಾಯುವಿಕೆಗಳ ಗಣಿತದ) ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ‘ಕ್ಯೂ’ ಅಂದರೆ ಸಾಲೋ, ಸರದಿಯೋ, ಪಾಳಿಯೋ? ‘ವೇಟಿಂಗ್ ಟೈಮ್’ಗೆ ‘ಕಾಯುವ ವೇಳೆ’ ಅಂದರೆ ಸಾಕೆ?

ಉತ್ತರ: ಒಂದೇ ಪದ ಸಾಲದು ಸರ್. ನಿಮ್ಮ ಕಡೆಯ ಹಿಟ್ಟಿನ ಗಿರಣಿಯನ್ನೇ ತಗೊಳ್ರಿ. ಡಬ್ಬಿ ಇಟ್ಟು ಮಂದಿ ಬಜಾರಕ್ಕೆ ಹೋಗುತ್ತಾರೆ. ಮನುಷ್ಯ ಇಲ್ಲದಿದ್ದರೂ ಪಾಳಿ ಇರುತ್ತದೆ. ಇನ್ನೊಂದು: ಜೋಳದ ನಡುವೆ ಗೋಧಿ ಸುರಿದರೆ ಕಲ್ಲಿನೊಳಗೆ ಉಳಿದ ಜೋಳದ ಹಿಟ್ಟು ಗೋಧಿಹಿಟ್ಟಿಗೆ ಬೆರೆಯುತ್ತದೆ. ಅದಕ್ಕೇ ಗಿರಣಿಯವರು ಇದ್ದ ಜೋಳವನ್ನೆಲ್ಲ ಬೀಸಿ ಮುಗಿಸಿ ಆಮೇಲೆ ಗೋಧಿಗೆ ಕೈಹಾಕುತ್ತಾರೆ. ಸಾಲಿನಲ್ಲಿ ಮೂರನೆಯದಾಗಿದ್ದ ಗೋಧಿ ಡಬ್ಬಿಯ ಪಾಳಿ ಏಳನೆಯದಾಗಬಹುದು. ಮುಂದೆ ಯಾರದು ಎಂದು ಗೊತ್ತುಮಾಡುವ ಇಂಥ ನಿಯಮವೇ ಶಾಸ್ತ್ರದ ‘ಕ್ಯೂ ಡಿಸಿಪ್ಲಿನ್’. ಅದನ್ನು ‘ಸಾಲಿನ ಶಿಸ್ತು’ ಅಂದರೆ ಲಾಠಿ ಹಿಡಿದ ಪೊಲೀಸರು ನೆನಪಾಗುತ್ತಾರೆ. ‘ಪಾಳಿ ಕ್ರಮ’ ಅನ್ನಿ.

ಈ ಶಾಸ್ತ್ರ ಹುಟ್ಟಿದ್ದೂ ಕಣ್ಣಿಗೆ ಕಾಣುವ ಸಾಲಿನಿಂದಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಗಣಿತಜ್ಞ ಎ.ಕೆ. ಅರ್ಲಾಂಗ್ ಲೆಕ್ಕ ಹಾಕಿದ್ದು ಟೆಲಿಫೋನ್ ಕರೆಗಳನ್ನು. ಹಾಗಾಗಿ ‘ಕ್ಯೂ’ಗೆ ‘ಪಾಳಿ’ಯೇ ನನ್ನ ಆಯ್ಕೆ. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ‘ರಾತ್ರಿ ಪಾಳಿ’ಯ ಜೊತೆ ಗೊಂದಲವಾಗುವಂತಿದ್ದರೆ ಮಾತ್ರ ‘ಸರದಿ’. ದವಾಖಾನಿಯಲ್ಲಿ ‘ನಂಬರ್ ಹಚ್ಚು’ ಅನ್ನುತ್ತಾರಲ್ಲ, ಅದನ್ನು ಟೋಕನ್ನಿಗೆ ಬಿಟ್ಟುಬಿಡಿ.

‘ಕಾಯುವ ವೇಳೆ’ಯಲ್ಲಿ ಎಡವಟ್ಟು ಹೆಚ್ಚು. ಗಂಟೆಗೆ ಸರಾಸರಿ 12 ಡಬ್ಬಿ ಬರುತ್ತವೆ, ಒಂದನ್ನು ಬೀಸಲು ಸರಾಸರಿ 4 ನಿಮಿಷ, ಗಿರಣಿ ಒಂದೇ ಅಂದುಕೊಳ್ಳಿ. ಗಿರಣಿ 60ರಲ್ಲಿ 48 ನಿಮಿಷ ತಿರುಗುತ್ತದೆ, ಅಂದರೆ 80 ಶೇಕಡಾ. ಬರುವ ಹೊತ್ತು, ಬೀಸುವ ಹೊತ್ತು ಎರಡೂ ಗೊತ್ತುಗುರಿಯಿಲ್ಲದ್ದು (ಪಾಠದಲ್ಲಿ ಎಂ/ಎಂ/1) ಆದರೆ ಗಿರಣಿಯಲ್ಲಿ ಸರಾಸರಿ 4 ಡಬ್ಬಿ ಇರುತ್ತವೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮದಂತೆ (ಒಳಗಿರುವ ಸರಾಸರಿ ಡಬ್ಬಿ ಭಾಗಿಸು ಗಂಟೆಗೆ ಬರುವ ಡಬ್ಬಿ = ಒಂದು ಡಬ್ಬಿ ಒಳಗಿರುವ ವೇಳೆ) 4ನ್ನು 12ರಿಂದ ಭಾಗಿಸಿ: ಗಂಟೆಯ ಮೂರನೇ ಒಂದು ಪಾಲು, 20 ನಿಮಿಷ. ಇದರಲ್ಲಿ ಬೀಸುವ 4 ನಿಮಿಷವೂ ಸೇರಿದೆ. ಬರೀ ಕಾದದ್ದು 16. ವಿದ್ಯಾರ್ಥಿಗಳು ಕಾಯುತ್ತಿರುವ 3.2 ಡಬ್ಬಿ (4ರಲ್ಲಿ ಕಲ್ಲಿನ ಮೇಲಿರುವ ಸರಾಸರಿ 0.8 ಕಳೆದದ್ದು) ಎಣಿಸಬೇಕಾದಲ್ಲಿ ಕಲ್ಲಿಗೆ ಬಿದ್ದದ್ದನ್ನೂ ಎಣಿಸಿ ಉತ್ತರ ಕೆಡಿಸುತ್ತಾರೆ. 16ಕ್ಕೆ ‘ಕಾಯುವ ವೇಳೆ’, 20ಕ್ಕೆ ‘ಒಟ್ಟು ವೇಳೆ’ ಎಂದು ಮೊದಲ ಪುಟದಲ್ಲೇ ಕಟ್ಟಿಹಾಕಿ.

‘ಸ್ವಲ್ಪ ಗದ್ದಲ ಹೆಚ್ಚಾದರೆ ಏನಾಯ್ತು’ ಅನ್ನುವವರಿಗೆ ಇದನ್ನೂ ಕೊಡಿ: ಎರಡು ಗಂಟೆಗೆ 24ರ ಬದಲು ಸರಾಸರಿ 27 ಡಬ್ಬಿ ಬರುತ್ತಿದ್ದರೆ ಗಿರಣಿ 90 ಶೇಕಡಾ ತಿರುಗುತ್ತದೆ, ಕಾಯುವ ವೇಳೆ 16ರಿಂದ 36 ನಿಮಿಷಕ್ಕೆ ಏರುತ್ತದೆ. ನಡುನಡುವೆ ಬರಿದಾಗಿ ಹೋದ ನಿಮಿಷಗಳನ್ನು ಗಿರಣಿ ಆಮೇಲೆ ತುಂಬಿಕೊಳ್ಳಲಾರದು, ಅದಕ್ಕೆ.

ಈ ಪಾಠದಲ್ಲಿ ಬರುವ ಇನ್ನು ಮೂರು ಪದಗಳಿಗೆ ಕ್ರಿಯಾಪದಗಳೇ ಸಾಕು. ಬಾಕಿಂಗ್: ಸಾಲು ನೋಡಿ ಸೇರದೆ ಮರಳುವುದು. ಜಾಕಿಯಿಂಗ್: ಸಾಲು ಬದಲಿಸುವುದು. ರಿನೇಗಿಂಗ್: ಪಾಳಿ ಬಿಡುವುದು. ‘ಪಾಳಿ ತಪ್ಪುವುದು’ ಎಂದು ಬರೆಯಬೇಡಿ. ನಿಮ್ಮ ಕಡೆ ಅದರ ಅರ್ಥ ಕೂಗಿದಾಗ ಎದುರಿಗೆ ಇರದೆ ಹೋಗುವುದು. ಪಾಳಿ ತಪ್ಪಿದವರು ವಾಪಸ್ ಬಂದು ಕೂರುತ್ತಾರೆ, ಪಾಳಿ ಬಿಟ್ಟವರು ಮನೆಗೆ ಹೋಗಿರುತ್ತಾರೆ. ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ.