ಅಪ್ಪನಿಗೆ ಸಿಟ್ಟಿಲ್ಲ, ಮುಖ ಬಿಗಿದಿದೆ: ಪಾರ್ಕಿನ್ಸನ್ ಇರುವ ಮನೆಗಳ ಅನುಭವ

ಕೇಳಿದವರು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಗ

ಅಪ್ಪನಿಗೆ ಪಾರ್ಕಿನ್ಸನ್ ಇರುವುದು ಗೊತ್ತಾಗಿ ಕೆಲವು ವರ್ಷಗಳಾದವು. ಕೈನಡುಕ ಮಾತ್ರೆಯಿಂದ ಹತೋಟಿಯಲ್ಲಿದೆ. ಆದರೆ ಈಚೆಗೆ ಮುಖದಲ್ಲಿ ಯಾವ ಭಾವವೂ ಕಾಣುವುದಿಲ್ಲ, ಸ್ವರವೂ ತಗ್ಗಿದೆ. ಮೊನ್ನೆ ಒಂದು ಉಪನಯನದಲ್ಲಿ "ಮಾಸ್ತರರಿಗೆ ನಮ್ಮ ಮೇಲೇನು ಸಿಟ್ಟು?" ಎಂದು ನೆಂಟರೇ ನನ್ನಲ್ಲಿ ಕೇಳಿದರು. ಮೊಮ್ಮಗಳು ಅಜ್ಜನ ಬಳಿ ಹೋಗಲು ಹಿಂಜರಿಯುತ್ತಾಳೆ. ಅಪ್ಪನೂ ಹೊರಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ. ಇದಕ್ಕೆ ಮದ್ದು, ಅಭ್ಯಾಸ ಏನಾದರೂ ಇದೆಯೇ? ಮನೆಯವರು ಹೇಗೆ ನಡೆದುಕೊಳ್ಳಬೇಕು? ಅನುಭವ ಇದ್ದವರು ತಿಳಿಸಿ.

ಕುಂಬಳೆ ಸಮೀಪದಿಂದ, ರೋಗಿಯ ಪತ್ನಿ

ನಮ್ಮ ಯಜಮಾನರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತು ಮತ್ತು ಮುಖದಿಂದ ಭೀಷ್ಮನನ್ನೋ ಶಲ್ಯನನ್ನೋ ಕಟ್ಟಬೇಕು. ಮುಖ ಬಿಗಿದ ಮೇಲೆ ಅವರು ಕೂಟಕ್ಕೆ ಹೋಗುವುದನ್ನೇ ಬಿಟ್ಟರು. ಹಾಗಾಗಿ ನಿಮ್ಮ ತಂದೆಯವರು ಯಾಕೆ ಹೊರಗೆ ಹೋಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ.

ನರರೋಗ ತಜ್ಞರು ನಮಗೆ ಹೇಳಿದ್ದು ಇಷ್ಟು. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಕೈಕಾಲಿನಂತೆ ಮುಖದ ಸ್ನಾಯುಗಳೂ ಬಿಗಿದು ನಿಧಾನವಾಗುತ್ತವೆ. ತಾನಾಗಿ ಅರಳುವ ನಗುವಿಗೆ ಪೆಟ್ಟು ಹೆಚ್ಚು. ಬೇಕೆಂದು ನಕ್ಕರೆ ಒಂದಷ್ಟು ಬರುತ್ತದೆ. ಖುಷಿ, ಬೇಸರ, ತಮಾಷೆ ಒಳಗೆ ಇದ್ದೇ ಇರುತ್ತವೆ. "ಬೇಕೆಂದು ಮಾಡಿದರೆ ಬರುತ್ತದೆ" ಎಂಬ ಮಾತನ್ನೇ ಹಿಡಿದುಕೊಂಡು ನಾವು ವಾಕ್ ಚಿಕಿತ್ಸೆಗೆ ಹೋದೆವು.

ಈ ಕಾಯಿಲೆಗೆಂದೇ ಗಟ್ಟಿ ಸ್ವರದ ಒಂದು ಕ್ರಮವಿದೆ, ಎಲ್‌ಎಸ್‌ವಿಟಿ ಎನ್ನುತ್ತಾರೆ. ವಾರಕ್ಕೆ 4 ದಿನದಂತೆ 4 ವಾರ, ದಿನಕ್ಕೊಂದು ಗಂಟೆ. ಅಷ್ಟು ಸಲ ಮಂಗಳೂರಿಗೆ ಹೋಗಿ ಬರುವುದು ನಮ್ಮಿಂದಾಗಲಿಲ್ಲ; ಪಾಠ ಕೇಳಿಕೊಂಡು ಬಂದು ಮನೆಯಲ್ಲೇ ಮುಂದುವರಿಸಿದೆವು. ದೊಡ್ಡದಾಗಿ ಬಾಯಿ ತೆರೆದು ಗಟ್ಟಿಯಾಗಿ ಮಾತನಾಡುವಾಗ ಮುಖವೂ ಜೊತೆಗೆ ಕೆಲಸ ಮಾಡುತ್ತದೆ. ಬೆಳಗಿನ ಮಾತ್ರೆಯ ಪರಿಣಾಮ ಶುರುವಾದ ಮೇಲೆ ಅವರು ಚಾವಡಿಯಲ್ಲಿ ಕನ್ನಡಿಯ ಎದುರು ಕೂರುತ್ತಾರೆ. ಹುಬ್ಬು ಎತ್ತಿ ಇಳಿಸುವುದು, ಕೆನ್ನೆ ಉಬ್ಬಿಸುವುದು, ಆಮೇಲೆ ಶಲ್ಯನ ಅರ್ಥ. "ಚೆಂಡೆಯ ಮೇಲೆ ಕೇಳಬೇಕು" ಎಂದು ನಾನು ಅಡುಗೆ ಕೋಣೆಯಿಂದ ಹೇಳುತ್ತೇನೆ.

ಇಲ್ಲೊಂದು ವಿಚಿತ್ರವಿದೆ. ತಮ್ಮ ಸ್ವರ ತಗ್ಗಿದ್ದು ಅವರಿಗೇ ತಿಳಿಯುವುದಿಲ್ಲ. "ನಾನು ಬೊಬ್ಬೆ ಹಾಕುತ್ತಿದ್ದೇನೆ, ನಿನಗೆ ಕಿವಿ ಕೇಳುವುದಿಲ್ಲ" ಎಂದು ನನ್ನನ್ನೇ ಗದರುತ್ತಿದ್ದರು. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಿದ ಮೇಲೆ ಒಪ್ಪಿದರು.

ಉಪ್ಪಳದಿಂದ, ಸ್ವತಃ ರೋಗಿ

ಮೇಲಿನ ಅಕ್ಕ ಹೇಳಿದ ಅಭ್ಯಾಸ ಒಳ್ಳೆಯದೇ. ಆದರೆ ದಿನವಿಡೀ "ಸ್ವಲ್ಪ ನಗಬಾರದೇ?" ಎಂದು ನಿಮ್ಮ ಅಪ್ಪನ ಬೆನ್ನು ಹತ್ತಬೇಡಿ. ನನ್ನ ಮನೆಯವರು ಹಾಗೆ ಹೇಳುತ್ತಿದ್ದಾಗ, ನಗುತ್ತಲೇ ಇದ್ದ ನಾನು ಒಳಗೊಳಗೇ ಕುದಿಯುತ್ತಿದ್ದೆ. ಅದೂ ಮುಖದಲ್ಲಿ ಕಾಣಲಿಲ್ಲ ಬಿಡಿ.

ಮುಖ ಹೇಳದ್ದನ್ನು ಬಾಯಿಯೇ ಹೇಳಬೇಕು ಎಂದು ನಾನು ತೀರ್ಮಾನಿಸಿದ್ದೇನೆ. "ನೀವು ಬಂದದ್ದು ಬಹಳ ಸಂತೋಷ", "ಪಾಯಸ ಚೆನ್ನಾಗಿದೆ", "ಈ ಮಾತು ನನಗೆ ಹಿಡಿಸಲಿಲ್ಲ" ಎಂದು ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಗಂಡಸರಿಗೆ ಇದು ನಾಚಿಕೆಯ ವಿಷಯ, ನನಗೂ ಆಗಿತ್ತು. ಹೊಸಬರ ಬಳಿ ಮೊದಲೇ ಹೇಳಿಬಿಡುತ್ತೇನೆ: "ನನಗೆ ಪಾರ್ಕಿನ್ಸನ್ ಇದೆ, ಮುಖ ಬಿಗಿಯುತ್ತದೆ, ಸಿಟ್ಟಲ್ಲ." ಉಪ್ಪಳದಲ್ಲಿ ಇದನ್ನು ಕನ್ನಡ, ತುಳು, ಮಲಯಾಳ ಮೂರರಲ್ಲೂ ಬಾಯಿಪಾಠ ಮಾಡಿಕೊಳ್ಳಬೇಕಾಯಿತು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ನಡುಕದ ಹೆಸರಿನಲ್ಲೇ ವಿವರಿಸಿದ. ಜನ ಇವತ್ತಿಗೂ ನಮ್ಮ ಕೈಯನ್ನಷ್ಟೇ ನೋಡುತ್ತಾರೆ. ಕೈ ನಡುಗದಿದ್ದರೆ ಕಾಯಿಲೆಯೇ ಇಲ್ಲ, ಬರೀ ಅಹಂಕಾರ!

ಮೊಮ್ಮಗಳ ಮಟ್ಟಿಗೆ, ಅವಳಿಗೆ ವಿಷಯ ತಿಳಿಸಿ. ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ನನ್ನ ಮೊಮ್ಮಗ "ಅಜ್ಜ, ಈಗ ನಗುತ್ತಿದ್ದೀರಾ?" ಎಂದು ಕೇಳುತ್ತಾನೆ, ನಾನು ಅವನ ಕೈ ಅದುಮುತ್ತೇನೆ. ಇನ್ನೊಂದು ಮಾತು, ನಾನು ಉತ್ತರ ಕೊಡುವುದು ತಡವಾದಾಗ ಮಗ ನನ್ನ ಪರವಾಗಿ ಉತ್ತರಿಸುತ್ತಿದ್ದ. ಅದನ್ನು ನಿಲ್ಲಿಸಿದ ಮೇಲೆಯೇ ನೆಂಟರು ನನ್ನ ಕಡೆ ತಿರುಗಿ ಮಾತನಾಡತೊಡಗಿದ್ದು.

ಇಸ್ಪೀಟಿನಲ್ಲಿ ಮಾತ್ರ ಲಾಭವಾಗಿದೆ. ನನ್ನ ಕೈಯಲ್ಲಿ ಯಾವ ಎಲೆ ಇದೆ ಎಂದು ಯಾರಿಗೂ ಸುಳಿವು ಸಿಗುವುದಿಲ್ಲ.

ನೀರ್ಚಾಲಿನಿಂದ, ಮಗಳು

ಮಾತ್ರೆಯ ಹೊತ್ತು ನೋಡಿಕೊಳ್ಳಿ. ಈ ಕಾಯಿಲೆಗೆ ಕೊಡುವ ಮುಖ್ಯ ಮದ್ದು ಲೆವೊಡೋಪದ ಪರಿಣಾಮ ಇರುವಾಗ ಅಮ್ಮನ ಮುಖ ಸಡಿಲವಾಗಿರುತ್ತದೆ, ಅದು ಇಳಿಯುತ್ತಿದ್ದಂತೆ ಮತ್ತೆ ಬಿಗಿಯುತ್ತದೆ. ಜೆಂಬರಗಳಲ್ಲಿ ಊಟ ತಡವಾಗುವುದು ಇದ್ದದ್ದೇ. ಆ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿದರೆ ಬಂದವರಿಗೆಲ್ಲ ಅಮ್ಮ ಮುನಿಸಿಕೊಂಡಂತೆಯೇ ಕಾಣುವುದು. ಬೇಳೆ, ಮೊಟ್ಟೆಯಂತಹ ಪ್ರೋಟೀನ್ ಆಹಾರದ ಜೊತೆ ತೆಗೆದುಕೊಂಡರೆ ಕೆಲವರಿಗೆ ಸರಿಯಾಗಿ ಹಿಡಿಯುವುದಿಲ್ಲವೆಂದು ವೈದ್ಯರು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಲು ಹೇಳಿದ್ದಾರೆ. ನಸುಗುನ್ನಿ ಬೀಜದ ಪುಡಿ ಕೊಡಿ ಎನ್ನುವವರು ನಿಮಗೂ ಸಿಗುತ್ತಾರೆ. ಅದರಲ್ಲಿ ಲೆವೊಡೋಪ ಇರುವುದು ನಿಜ. ಅದಕ್ಕಾಗಿಯೇ ವೈದ್ಯರಿಗೆ ತಿಳಿಸದೆ ಮಾತ್ರೆಯ ಮೇಲೆ ಅದನ್ನೂ ಕೊಡಬಾರದು.

ಮುಳ್ಳೇರಿಯ ಕಡೆಯಿಂದ, ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸ್

ಮನೆ ಭೇಟಿಗೆ ಹೋದಾಗ ಇಂಥವರ ನೋವು ನಮಗೂ ತಪ್ಪಿಹೋಗುವುದುಂಟು. ಮುಖ ಕಿವುಚುವುದಿಲ್ಲ, ಸ್ವರ ಏಳುವುದಿಲ್ಲ. ಹಾಗಾಗಿ ನಾನು ಮುಖ ನೋಡಿ ಅಂದಾಜು ಮಾಡುವುದಿಲ್ಲ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುತ್ತೇನೆ. ಆಸ್ಪತ್ರೆಗೆ ಹೋಗುವಾಗ ನೀವೂ ತೊಂದರೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಲಯಾಳ ಮಾತನಾಡುವ ವೈದ್ಯರ ಎದುರು, ತಗ್ಗಿದ ಕನ್ನಡದಲ್ಲಿ, ಭಾವವಿಲ್ಲದ ಮುಖದಲ್ಲಿ "ಪರವಾಗಿಲ್ಲ" ಎಂದರೆ ಅವರು ಪರವಾಗಿಲ್ಲ ಎಂದೇ ಬರೆದುಕೊಳ್ಳುತ್ತಾರೆ.

ಮನಸ್ಸಿನ ಖಿನ್ನತೆಯೂ ಈ ಕಾಯಿಲೆಯಲ್ಲಿ ಸಾಮಾನ್ಯ. ಮುಖ ನೋಡಿದರೆ ಖಿನ್ನತೆಯೂ ಈ ಬಿಗಿತವೂ ಒಂದೇ ತರಹ. ನಿದ್ರೆ, ಹಸಿವು, ಪತ್ರಿಕೆ ಓದುವ ಆಸಕ್ತಿ ಹೇಗಿದೆ ನೋಡಿ, ಅಪ್ಪನನ್ನೇ ನೇರವಾಗಿ ಕೇಳಿ. ಖಿನ್ನತೆ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಸಾಮಾನ್ಯರು ನಿಮಿಷಕ್ಕೆ 15–20 ಸಲ ಬಡಿಯುತ್ತಾರೆ. ಕಣ್ಣು ಉರಿಯುತ್ತದೆ ಎಂದರೆ ಹನಿ ಮದ್ದು ಕೇಳಿ.

ಒಂದು ಎಚ್ಚರಿಕೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಈ ಬಿಗಿತವನ್ನು ಹೆಚ್ಚಿಸಬಲ್ಲವು. ಬೇರೆ ಕಡೆ ಬರೆಸಿದ ಮಾತ್ರೆಗಳಿದ್ದರೆ ಎಲ್ಲವನ್ನೂ ನರರೋಗ ತಜ್ಞರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಕೇಳಿದವರು, ಮತ್ತೆ

ಎಲ್ಲರಿಗೂ ವಂದನೆ. ಅಪ್ಪನಿಗೆ ಓದಿ ಹೇಳಿದೆ. ತಲೆಸುತ್ತಿನ ಮಾತ್ರೆಯೊಂದು ನಮ್ಮ ಡಬ್ಬಿಯಲ್ಲೂ ಇದೆ, ವೈದ್ಯರಿಗೆ ತೋರಿಸುತ್ತೇನೆ. ಕುಂಬಳೆಯ ಅಕ್ಕನಲ್ಲಿ ಅಪ್ಪನದೊಂದು ಪ್ರಶ್ನೆ: ತಾನು ಅರ್ಥಧಾರಿಯಲ್ಲ, ಗಣಿತದ ಮಾಸ್ತರ. ಗಟ್ಟಿಯಾಗಿ ಮಗ್ಗಿ ಹೇಳಿದರೆ ಸಾಕೇ?

ಕುಂಬಳೆ ಸಮೀಪದಿಂದ

ಧಾರಾಳ ಸಾಕು. ಹತ್ತೊಂಬತ್ತರ ಮಗ್ಗಿಯೇ ಆಗಲಿ. ಸಾಲಿನ ಕೊನೆಗೆ ಬರುವಾಗ ಇವರೆಲ್ಲರ ಸ್ವರ ಬೀಳುತ್ತದೆ, ಮಗ್ಗಿಯಲ್ಲಿ ಉತ್ತರ ಇರುವುದೂ ಅಲ್ಲಿಯೇ. ಪಕ್ಕದ ಕೋಣೆಗೆ ಉತ್ತರ ಕೇಳಿಸದಿದ್ದರೆ ಆ ಸಾಲನ್ನು ಮತ್ತೊಮ್ಮೆ ಹೇಳಿಸಿ.